ಒಂದರ ಮ್ಯಾಲೊಂದು ಎರಡು ಕೆಂಪು

ನಮ್ಮ ಮನಿ ನೆಲದ ಮ್ಯಾಲ ಒಂಬತ್ತು ಹಡಗ ಅವ.
ಕಡ್ಡಿಪೆಟ್ಟಿಗಿ ಟ್ಯಾಂಕರು, ಹುಣಸಿಬೀಜ ಮೀನದೋಣಿ,
ಅವ್ವನ ಅಡಕಿ ಡಬ್ಬಿ ಮುಚ್ಚಳ ಹೂಳೆತ್ತುವ ಹಡಗು.
ಶಹಾಬಾದ ಫರಸಿಯ ಸಂದುಗಳೇ ಅಕ್ಷಾಂಶ, ರೇಖಾಂಶ.
ಒಂದು ಫರಸಿಯಾಗ ತೆರಿಯ ಗುರುತದ, ಯಾವ ಕಾಲದ್ದೋ,
ಅವ್ವ ಅದರ ಮ್ಯಾಲೇ ಹಿಟ್ಟಿನ ಡಬ್ಬಿ ಇಡ್ತಾಳ.
ವಾಡಿಯಿಂದ ಸಮುದ್ರ ಎಷ್ಟು ದೂರ ಅಂತ
ಈ ಓಣ್ಯಾಗ ಯಾರೂ ಕೇಳಿದ್ದಿಲ್ಲ, ನಾ ಹುಟ್ಟೋ ತನಕ.

ಎರಡು ಸಲ ಮುಂಬೈಗೆ ಹೋಗಿ ಫೇಲಾಗಿ ಬಂದೀನಿ.
ಮೊದಲನೇ ಸಲ ಸೆಕ್ಸ್‌ಟಂಟಿನ ಮೂರು ದೋಷ ಕೇಳಿದರು.
ಎರಡು ಹೇಳಿದೆ. ಮೂರನೇದು ನಾಲಿಗಿ ತುದಿಗೆ ಬಂದು
ಅಲ್ಲೇ ಲಂಗರ ಹಾಕ್ತು.
ಎರಡನೇ ಸಲ ಎಲ್ಲಾ ಗೊತ್ತಿತ್ತು. ಅದಕ್ಕೇ ಹೋತು.
ಸಾಹೇಬರು ಕನ್ನಡಕ ತೆಗೆದು ಮೇಜಿನ ಮ್ಯಾಲಿಟ್ಟು,
ಬೇಟಿ, ಇದು ಬಾಯಿಪಾಠ, ಅಂದರು.
ಮಂಜಿನಾಗ ನಿಂತೀ ಅನ್ಕೋ. ಏನು ಕೇಳಸ್ಲಿಕತ್ತದ, ಹೇಳು.
ನನಗೆ ಕೇಳಿಸಿದ್ದು ಅವರ ತಲಿ ಮ್ಯಾಲಿನ ಫ್ಯಾನು.

ಈಗ ಪರೀಕ್ಷಾ ತಗೊಳ್ಳಾಕಿ ನಮ್ಮವ್ವ, ಜಗದೇವಿ.
ಇಂಗ್ಲಿಷ್ ಒಂದಕ್ಷರ ಬರೂದಿಲ್ಲ,
ಕಾರ್ಡು ತಲಿಕೆಳಗ ಹಿಡಿದು ಮುಂದ ಒಡ್ಡಿ,
ಮತ್ತ ರೊಟ್ಟಿ ಬಡೀತಾಳ. ನಾ ಹೇಳ್ತೀನಿ.
ಬಡಿತ ನಿಂತಿತೋ, ತಪ್ಪಿದೆ ಅಂತ ತಿಳಕೋಬೇಕು.
ನಿನಗ ಹ್ಯಾಂಗ ಗೊತ್ತಾಗ್ತದವ್ವಾ?
ಸುಳ್ಳು ಹೇಳುಮುಂದ ನಿನ್ನ ದನಿ ಸಣ್ಣಾಗ್ತದ,
ಸಾಲಿಗೆ ಹೋಗೂ ಕಾಲದಿಂದ.

ಬಲಕ್ಕ ಕಂಡದ್ದಕ್ಕ ದಾರಿ ಬಿಡು.
ಹಸಿರಿನ ಕೆಳಗ ಬಿಳಿ ಇದ್ದರ ಬಲಿ ಎಳೆಯೋ ದೋಣಿ.
ತನ್ನ ಕೈಯಾಗ ತಾನಿಲ್ಲದ ಹಡಗಿಗೆ
ಒಂದರ ಮ್ಯಾಲೊಂದು ಎರಡು ಕೆಂಪು ದೀಪ,
ಸುತ್ತಾಕಡಿಗೂ ಕಾಣುವಂಥವು.

ಗೇಟಿನ ಡ್ಯೂಟಿ ಮುಗಿಸಿ ಬಂದ ಅಪ್ಪ
ಅಂಗಿ ಅರ್ಧ ಕಳದು ಹಂಗೇ ನಿಂತ.
ಕೆಟ್ಟು ನಿಂತೀನಿ ಅಂತ ಅದೇ ಹೇಳಬೇಕೇನು?
ಹೂಂ. ಹೇಳಲೇಬೇಕು.
ಬಂದು ಎತ್ರಪ್ಪೋ ಅಂತ ಅಲ್ಲ,
ನನ್ನಿಂದ ದಾರಿ ಬಿಡಲಿಕ್ಕ ಆಗೂದಿಲ್ಲ, ನೀವೇ ನೋಡ್ಕೊಳ್ರಿ, ಅಷ್ಟೇ.
ಅಪ್ಪ ಗೂಟಕ್ಕ ಅಂಗಿ ಹಾಕಿದ.
ಆ ವರ್ಷ ನನಗೂ ಅಂಥವು ಎರಡು ಬೇಕಿದ್ದವು, ಅಂದ.
ಯಾವ ವರ್ಷ ಅಂತ ನಾ ಕೇಳಲಿಲ್ಲ.
ರೊಟ್ಟಿ ಬಡಿತ ನಿಂತಿತ್ತು.

ಮರುದಿನ ನಸುಕಿನ್ಯಾಗ ಎಬ್ಬಿಸಿ ಗೇಟಿಗೆ ಕರಕೊಂಡು ಹೋದ.
ಡಿಸೆಂಬರಿನ ಮಂಜು, ಮ್ಯಾಲ ಸಿಮೆಂಟಿನ ಧೂಳು,
ನನ್ನ ಕೈ ನನಗೇ ಕಾಣಸಲಿಲ್ಲ.
ಪುಸ್ತಕ ತಂದಿದ್ದೆ. ಒಳಗಿಡು, ಅಂದ.
ಗಾಡಿ ಎಲ್ಲದ?
ನಾಯಿ. ಕ್ರಷರು. ದೂರದ ಅಜಾನು.
ಆಮೇಲೆ ಹಳಿ, ಜೀರಂಗಿ ಗುಂಯ್ ಅಂದಂಗ,
ಆಮೇಲೆ, ಬಾಳ ತಡದು, ಉದ್ದನ್ನ ಸೀಟಿ.
ಎಷ್ಟು ದೂರ?
ಗೊತ್ತಿಲ್ಲಪ್ಪ.
ಗೊತ್ತಿಲ್ಲ ಅಂದಮ್ಯಾಲ?
ಹೆಜ್ಜಿಗಿಂತ ಸಣ್ಣಾಗಿ ನಡಸ್ತೀನಿ. ಬೇಕಾದರ ಪೂರಾ ನಿಲ್ಲಸ್ತೀನಿ.
ಅದು ದಾಟಿತು ಅಂತ ಖಾತ್ರಿ ಆಗೂ ತನಕ ನಂಬೂದಿಲ್ಲ.
ಹತ್ತೊಂಬತ್ತನೇ ನಿಯಮ. ಹೇಳಿದ ಮ್ಯಾಲ ನೆನಪಾತು.
ಅಪ್ಪ ಏನೂ ಅನ್ನಲಿಲ್ಲ, ಹಿಡಿಕಿ ತಿರುವಿ ಗೇಟು ಹಾಕಿದ.
ಐವತ್ತೆಂಟು ಡಬ್ಬಿ ಕಲ್ಲಿದ್ದಲು ಮೈಗೆ ತಾಕಿದಂಗ ಹೋತು,
ಒಂದೂ ಕಾಣಸಲಿಲ್ಲ.

ಇವತ್ತು ರಾತ್ರಿ ಗಾಡಿ.
ಚೀಲದಾಗ ಬಿಳಿ ಸಮವಸ್ತ್ರ, ಶೇಂಗಾ ಹಿಂಡಿ, ಒಣ ರೊಟ್ಟಿ.
ಅವ್ವ ಕಸಬರಿಗಿ ತಗೊಂಡು ಸಮುದ್ರಕ್ಕ ಇಳದಾಳ.
ಎಡಕ್ಕಿದ್ದ ಹುಣಸಿಬೀಜ ಎಲ್ಲಾ ಗುಡಿಸಿ ಒಗದು
ಕಡ್ಡಿಪೆಟ್ಟಿಗಿ ಮುಂದ ಬಂದು ನಿಂತಳು.
ಇದು ನನಗ ಬಲಕ್ಕದಲ್ಲಾ?
ಸೀರಿ ನಿರಿಗಿ ಎತ್ತಿಕೊಂಡು, ಅದರ ಹಿಂದಿನಿಂದ
ದೊಡ್ಡ ಸುತ್ತು ಹಾಕಿ ಹೋದಳು.